ಪಾಯಪ್ಪನ ಮದರ್‌ಬೋರ್ಡು, ಕೈಯಲ್ಲೇ ಉಳಿದ ತುತ್ತು

ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿ ಪಾಯಪ್ಪನಿಗೆ ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಜೋಡಿಸುವ ಹುಚ್ಚು ಹತ್ತಿತು. ಮದರ್‌ಬೋರ್ಡನ್ನೂ ಅವನು ಬೆಲ್ಲದ ಪೆಂಟೆಯಂತೆ ಕೈಯಲ್ಲಿ ಎತ್ತಿ ನೋಡಿಯೇ ಆರಿಸಿದ. ಬಿಸಿ ಹೀರುವ ಅಲ್ಯೂಮಿನಿಯಂ ಯಾವುದರಲ್ಲಿ ಭಾರವೋ ಅದು ಅವನದು. ಬೋರ್ಡಿನ ಮೇಲಿನ ಬಣ್ಣದ ದೀಪಗಳನ್ನು ಗಿರಾಕಿಯ ಕಣ್ಣು ಸೆಳೆಯಲಷ್ಟೇ ಹಚ್ಚುತ್ತಾರೆಂಬುದು ವ್ಯಾಪಾರಿಗೆ ಗೊತ್ತಿಲ್ಲವೇ?

ಖಾನಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ಪಾರ್ಶ್ವ ನಕ್ಕ. "ಮಾಮಾ, ಇದು ಬೆಲ್ಲ ಅಲ್ಲರಿ. ಓವರ್‌ಕ್ಲಾಕ್ ಮಾಡಿದ್ರ ಅರ್ಧಾ ತಾಸಿನ್ಯಾಗ ಬಂದ್ ಬೀಳತೈತಿ."

"ನನ್ನ ಕೈ ಇನ್ನೂತನಾ ಸುಳ್ಳ ಹೇಳಿಲ್ಲ. ಮನಿಗೆ ಬಾ, ನೋಡೂಣು."

ಭಾನುವಾರ ಸಂಜೆ ಖಾಸಬಾಗದ ಮನೆಯಲ್ಲಿ ಪಾರ್ಶ್ವನೇ ಪ್ರೊಸೆಸರಿನ ವೇಗವನ್ನು ಕಂಪನಿ ಹೇಳಿದ್ದಕ್ಕಿಂತ ಮೇಲೇರಿಸಿ, ಅರ್ಧ ತಾಸಿನ ಪರೀಕ್ಷೆ ಹಚ್ಚಿದ. ಫ್ಯಾನುಗಳು ಭೋರ್ಗರೆದವು. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ ಅದು. ರಾಜಮತಿ ಗಂಡನ ಕೈಗೇ ತಾಟು ತಂದುಕೊಟ್ಟಳು.

"ಲಗೂನ ಉಣ್ಣರಿ, ಹೊತ್ತ ಇಳದೈತಿ."

ಪಾಯಪ್ಪ ರೊಟ್ಟಿ ಮುರಿದ. ಪರದೆಯಲ್ಲಿ ಬೋರ್ಡಿನ ಬಿಸಿ ಎಂಬತ್ತು ಡಿಗ್ರಿ ದಾಟಿತು. ತುತ್ತು ಬಾಯಿಯ ಹತ್ತಿರ ಬಂದು ನಿಂತಿತು. ತೊಂಬತ್ತು! ಅಲ್ಲಿಂದ ಬಿಸಿಯೂ ಏರಲಿಲ್ಲ, ತುತ್ತೂ ಏರಲಿಲ್ಲ. ಪರದೆಯ ಮೇಲೆ 'ಪಾಸ್' ಎಂದು ಬಂದಾಗ ಪಾಯಪ್ಪ ಕುಣಿದೇ ಬಿಟ್ಟ.

"ನಿಮ್ಮ ಕೈ ಖರೇನ ಐತ್ರಿ ಮಾಮಾ, ಒಪ್ಪಿದೆ," ಎಂದ ಪಾರ್ಶ್ವ ಕಿಟಕಿಯತ್ತ ಬೆರಳು ತೋರಿಸಿದ. "ಆದ್ರ ಹೊತ್ತ ಮುಳಗೈತಿ."

ಪಾಯಪ್ಪ ತುತ್ತನ್ನು ತಾಟಿಗೆ ಮರಳಿಸಿದ. ರಾಜಮತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

"ಊಟ ಅಂತೂ ಹೋತು," ಎಂದು ಅವನು ಕುರ್ಚಿ ಹತ್ತಿರ ಎಳೆದುಕೊಂಡ. "ವೇಗ ಇನ್ನಷ್ಟ ಏರಸೋ ಪಾರ್ಶ್ವಾ!"