ಕರೆಂಟ್ ಹೋದಾಗ ಕೂಡಿದ ಸಭೆ

ಬನಹಟ್ಟಿಯ ಕಟ್ಟೆಯೊಂದರ ಮೇಲೆ ಕೂತು, ನಾನೇ ಬರೆದು ರಾಗ ಹಾಕಿದ ಹಾಡಿನ ಎರಡನೆಯ ನುಡಿಗೆ ಬಂದಿದ್ದೆ. ಕರೆಂಟ್ ಹೋಯಿತು. ಮೈಕು ಮೌನ ತಾಳಿತು. ಓಣಿಯ ವಿದ್ಯುತ್ ಮಗ್ಗಗಳೂ ನಿಂತವು. ಅಲ್ಲಿಯವರೆಗೆ ತಬಲಾ ಬಾರಿಸುವ ಗೆಳೆಯನೊಬ್ಬನೇ ನನ್ನ ಶ್ರೋತೃವರ್ಗ. ಈಗ ನೇಕಾರರೆಲ್ಲ ಹೊರಬಂದು ಎದುರಿಗೆ ಕೂತರು. ಒಂದು ಹಾಡನ್ನಾದರೂ ಪೂರ್ತಿ ಕೇಳಿಸಲೇಬೇಕೆಂದು ಗಂಟಲು ಹರಿಯುವಂತೆ ಹಾಡಿದೆ. ಕೆಲವರು ತಲೆಯನ್ನೂ ತೂಗಿದರು.

ಕೊನೆಯ ನುಡಿ ಬಾಕಿಯಿರುವಾಗ ಕರೆಂಟ್ ಬಂತು. ಸಭೆ ಒಮ್ಮೆಲೇ ಎದ್ದು ಮಗ್ಗಗಳತ್ತ ನಡೆಯಿತು. ಹಿರಿಯ ನೇಕಾರರೊಬ್ಬರು ಮಾತ್ರ ನಿಂತು ಕೈಮುಗಿದರು: "ಹಾಡು ಭಾಳ ಛಲೋ ಐತ್ರೀ. ಮತ್ತ ಕರೆಂಟ್ ಹೋತಂದ್ರ ಬರ್ತೇವಿ, ಅಲ್ಲೀಮಟ ಹಾಡ್ಕೋಂತ ಇರ್ರಿ."

ಮುಂದಿನ ಕಾರ್ಯಕ್ರಮ ಪಕ್ಕದ ನೇಕಾರರ ಊರು ರಬಕವಿಯಲ್ಲಿದೆ. ಕರಪತ್ರದಲ್ಲಿ ಸಮಯ ಹಾಕಿಸಿಲ್ಲ. "ಕರೆಂಟ್ ಹೋದ ಕೂಡಲೇ ಆರಂಭ" ಎಂದು ಅಚ್ಚು ಹಾಕಿಸಿದ್ದೇನೆ.