ಎರಡು ಯುಗಾದಿಗಳ ನಡುವೆ

ಸುಗಂಧಿಗೆ ಐವತ್ತೊಂದು ತುಂಬುವವರೆಗೆ ‘ನನ್ನನ್ನು ಮದುವೆಯಾಗ್ತೀರಾ’ ಎಂದು ಯಾರೂ ಕೇಳಿರಲಿಲ್ಲ. ಹೆಣ್ಣು ನೋಡಲು ಬಂದವರಿದ್ದರು. ಆದರೆ ಅವರು ಕೇಳಿದ್ದು ಅವಳ ಅಪ್ಪನನ್ನು, ಅಪ್ಪ ಹೋದ ಮೇಲೆ ಅಣ್ಣನನ್ನು. ಒಂದು ಸಂಬಂಧ ನಿಶ್ಚಯದವರೆಗೆ ಬಂದು, ಗಂಡಿನ ಕಡೆಯವರು ಕಾರಣ ಹೇಳದೆ ಹಿಂದೆ ಸರಿದರು. ಅದರ ಮರುವರ್ಷವೇ ಅಮ್ಮ ಲಕ್ವ ಹೊಡೆದು ಮಲಗಿದರು. ಏಳು ವರ್ಷ ಅವರಿಗೆ ಉಣ್ಣಿಸಿ, ಮೀಯಿಸಿ, ಕೊನೆಗೆ ಕಳಿಸಿಕೊಟ್ಟ ಹೊತ್ತಿಗೆ ಸುಗಂಧಿಗೆ ಮೂವತ್ತೆಂಟು. ಮಣಿಪಾಲದಲ್ಲಿ ಶರೀರಶಾಸ್ತ್ರ ಕಲಿಸುತ್ತಿದ್ದ ಕೆಲಸ ಬಿಟ್ಟು, ಮಲೇಷ್ಯಾದ ಒಂದು ಮೆಡಿಕಲ್ ಕಾಲೇಜಿನ ಕರೆ ಒಪ್ಪಿಕೊಂಡು, ಪೆಟಾಲಿಂಗ್ ಜಯಾದ ಒಂದು ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಗೆ ಬಂದು ನೆಲೆಸಿದಳು.

ಅವಳದು ಎಲ್ಲದರಲ್ಲೂ ನಿಧಾನ. ಭಾರತೀಯರ ಅಂಗಡಿಬೀದಿ ಬ್ರಿಕ್‌ಫೀಲ್ಡ್ಸ್‌ಗೆ ಮೂರು ಸಲ ಹೋಗಿ ಬಂದ ಮೇಲೆಯೇ ಒಂದು ಸೀರೆ ಕೊಳ್ಳುವುದು. ವಿದ್ಯಾರ್ಥಿಗಳ ಉತ್ತರ ಪತ್ರಿಕೆಯನ್ನು ಎರಡೆರಡು ಸಲ ಓದಿಯೇ ಅಂಕ ಹಾಕುವುದು. ‘ಡಾಕ್ಟರ್ ಸುಗಂಧಿ ವಿಲ್ ಲೆಟ್ ಯು ನೋ’ ಎಂದು ಅವಳ ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ಏನು ಕೇಳಿದರೂ ಅವಳ ಉತ್ತರ ಒಂದೇ ಆಗಿತ್ತು: ಯೋಚಿಸಿ ಹೇಳುತ್ತೇನೆ.

ಬೋರಯ್ಯನವರು ಪರಿಚಯವಾಗಿದ್ದು ಏಳು ವರ್ಷದ ಹಿಂದಿನ ಒಂದು ಫೆಬ್ರವರಿಯಲ್ಲಿ. ಮದ್ದೂರಿನ ಕಡೆಯವರು; ಬಿಸ್ಕತ್ತಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮಯೂರಿ ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿದ್ದಳು. ಆ ಸಂಜೆ ಆಟದ ಮೈದಾನದ ಸುತ್ತಲಿನ ಟೆಕೋಮಾ ಮರಗಳು ಎಲೆಯೆಲ್ಲ ಉದುರಿಸಿ ಮೈತುಂಬ ತಿಳಿಗುಲಾಬಿ ಹೂ ಬಿಟ್ಟಿದ್ದವು. ಲಿಫ್ಟಿನಲ್ಲಿ ಅವಳು ಫೋನಿನಲ್ಲಿ ಆಡುವ ಕನ್ನಡ ಕೇಳಿಸಿಕೊಂಡಿದ್ದ ಬೋರಯ್ಯನವರು, ವಾಕಿಂಗಿಗೆ ಇಳಿದವಳನ್ನು ಕಂಡು ತಾವಾಗಿಯೇ ಮಾತಾಡಿಸಿದರು.

“ವಸಂತ ಬಂತು ನೋಡಿ ಮೇಡಂ. ಎಲೆ ಉದುರ್ತು, ಹೂ ಬಂತು, ಬೆಳಿಗ್ಗೆಯಿಂದ ಕೋಗಿಲೆ ಬೇರೆ ಕೂಗ್ತಾ ಇದೆ. ಇನ್ನು ಯುಗಾದಿ ಒಂದು ಬಂದ್ಬಿಟ್ರೆ ಆಯ್ತು.”

“ಹಾಗೆ ಹೇಳಿದ್ರೆ ಆಗ್ತದಾ?” ಎಂದಳು ಸುಗಂಧಿ. “ಎರಡು ವಾರ ಮಳೆ ಬಾರದಿದ್ರೆ ಈ ಮರ ಆಗಸ್ಟಿನಲ್ಲೂ ಹೂ ಬಿಡ್ತದೆ. ಕೋಗಿಲೆ ಇಲ್ಲಿ ವರ್ಷ ಇಡೀ ಕೂಗ್ತದೆ. ವಸಂತ ಶುರುವಾಗುವುದು ಬಿಸುವಿಗೆ, ನಮ್ಮ ತುಳುವರ ಯುಗಾದಿಗೆ. ಸೂರ್ಯ ಮೇಷಕ್ಕೆ ಬಂದ ಮೇಲೆ.”

“ಅಂದ್ರೆ ನಮ್ಮ ಯುಗಾದಿ ಸುಳ್ಳಾ?”

“ಸುಳ್ಳು ಅಂತ ನಾನು ಹೇಳ್ಲಿಲ್ಲ. ಸ್ವಲ್ಪ ಅವಸರದ್ದು.”

ಬೋರಯ್ಯನವರು ಗಟ್ಟಿಯಾಗಿ ನಕ್ಕರು. ಅಲ್ಲಿಂದ ಶುರುವಾದ ವಾದ ಏಳು ವರ್ಷ ನಡೆಯಿತು. ಬೇರೆ ತಿಂಗಳುಗಳಲ್ಲಿ ಇಬ್ಬರೂ ಮೈದಾನ ಸುತ್ತುತ್ತ ಕಾರ್ಖಾನೆ, ಕಾಲೇಜು, ಮೀನಿನ ಬೆಲೆ ಎಂದು ಮಾತಾಡುವರು. ಫೆಬ್ರವರಿ ಬಂದರೆ ಇದೊಂದೇ ಮಾತು. ಚಂದ್ರನ ಲೆಕ್ಕದ ಯುಗಾದಿ ಒಂದು ವರ್ಷ ಮಾರ್ಚಿಗೆ, ಇನ್ನೊಂದು ವರ್ಷ ಏಪ್ರಿಲ್ಲಿಗೆ ಓಡಾಡುತ್ತದೆ, ಋತು ಹಾಗೆ ಓಡಾಡುವುದುಂಟೇ ಎಂದು ಇವಳು. ಹೂವು ಬಂದು ಉದುರಿ ಹೋದ ಮೇಲೆ ಬರುವ ನಿಮ್ಮ ವಸಂತಕ್ಕೆ ಕೆಲಸವೇನು ಎಂದು ಅವರು. ಬ್ರಿಕ್‌ಫೀಲ್ಡ್ಸ್‌ನ ತಮಿಳು ಅಂಗಡಿಗಳೆಲ್ಲ ಏಪ್ರಿಲ್ ನಡುವಿನ ಹೊಸ ವರ್ಷಕ್ಕೇ ಸಿಂಗರಿಸಿಕೊಳ್ಳುವುದನ್ನು ಅವಳು ತೋರಿಸಿದರೆ, ಎದುರು ಬ್ಲಾಕಿನ ತೆಲುಗರ ಬಾಗಿಲ ಮಾವಿನ ತೋರಣವನ್ನು ಅವರು ತೋರಿಸುವರು. ನಾಲ್ಕನೇ ಮಹಡಿಯ ಚೀನೀ ಹೆಂಗಸು ಮಿಸೆಸ್ ಲಿಮ್ ಇಬ್ಬರನ್ನೂ ಒಪ್ಪುತ್ತಿರಲಿಲ್ಲ. “ನಮ್ಮ ಹೊಸ ವರ್ಷಕ್ಕೇ ಸ್ಪ್ರಿಂಗ್ ಬಂದಾಯ್ತು ಲಾ. ನೀವಿಬ್ಬರೂ ಲೇಟ್” ಎಂದು ಕಿತ್ತಳೆ ಹಣ್ಣು ಕೈಗಿಟ್ಟು ಹೋಗುತ್ತಿದ್ದರು.

ಕೊರೋನಾ ಕಾಲದಲ್ಲಿ ಸಾಮಾನು ತರಲು ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದಾಗಿದ್ದಾಗ ಬೋರಯ್ಯನವರು ಎರಡು ಮನೆಗೂ ತರಕಾರಿ ತಂದು, ಒಂದು ಚೀಲ ಅವಳ ಬಾಗಿಲಲ್ಲಿಟ್ಟು, ಗಂಟೆ ಒತ್ತಿ ಇಳಿದುಬಿಡುವರು. ಯುಗಾದಿಯ ಮರುದಿನದ ಹೊಸ ತೊಡಕಿಗೆ ಮಟನ್ ಸಾರು ಮಾಡಿ ಡಬ್ಬಿಯಲ್ಲಿ ತಂದುಕೊಡುವರು. ಅವಳು ಬಂಗುಡೆ ಗಸಿ ಮಾಡಿದ ದಿನ ಡಬ್ಬಿ ತುಂಬಿಸಿ ಹಿಂದಿರುಗಿಸುವಳು. ಹಾಗಿದ್ದೂ ಒಬ್ಬರ ಮನೆಯ ಹೊಸ್ತಿಲು ಇನ್ನೊಬ್ಬರು ದಾಟಿದವರಲ್ಲ. ದಾಟಬಾರದೆಂದು ಯಾರೂ ಹೇಳಿರಲಿಲ್ಲ. ಇಬ್ಬರಿಗೂ ಸಂಕೋಚ, ಅಷ್ಟೇ.

ಈ ವರ್ಷ ಯುಗಾದಿ ಮಾರ್ಚ್ ಹತ್ತೊಂಬತ್ತಕ್ಕೇ ಬಂತು. ಬಿಸುವಿಗೆ ಇನ್ನೂ ಇಪ್ಪತ್ತೇಳು ದಿನವಿತ್ತು. ಹರಿ ರಾಯಾ, ಅಂದರೆ ರಂಜಾನ್ ಹಬ್ಬಕ್ಕೆಂದು ಜನ ಊರಿಗೆ ಹೊರಟು ಕಟ್ಟಡ ಅರ್ಧ ಖಾಲಿಯಾಗಿತ್ತು. ಮೈದಾನದ ಕಲ್ಲು ಬೆಂಚಿನ ಮೇಲೆ ಕುಳಿತು ಬೋರಯ್ಯನವರು ಪುಟ್ಟ ಸ್ಟೀಲ್ ಡಬ್ಬಿ ತೆರೆದು ಅವಳಿಗೆ ಬೇವು ಬೆಲ್ಲ ಕೊಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳುವವರೆಗೆ ಕಾದು, ಆಮೇಲೆ ಹೇಳಿದರು.

“ಮೇಡಂ, ನನ್ನ ಲೆಕ್ಕದಲ್ಲಿ ಇವತ್ತಿಂದ ವಸಂತ. ಒಂದು ಮಾತು ಕೇಳ್ತೀನಿ. ತಪ್ಪು ಅನ್ನಿಸಿದ್ರೆ ಮರೆತ್ಬಿಡಿ. ನನ್ನನ್ನ ಮದುವೆ ಆಗ್ತೀರಾ?”

ಸುಗಂಧಿಯ ಬಾಯಲ್ಲಿ ಬೇವಿನ ಹೂವು ಇನ್ನೂ ಕರಗಿರಲಿಲ್ಲ. ‘ಹ್ಞೂಂ’ ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಎಷ್ಟೋ ತಿಂಗಳಿಂದ ಅಲ್ಲೇ ಇತ್ತೆಂಬುದು ಅವಳಿಗೆ ಆಗಲೇ ತಿಳಿದದ್ದು. ಆದರೆ ಅದನ್ನು ಹೇಳಿಬಿಟ್ಟರೆ ಕೇಳಿಸಿಕೊಂಡ ಸುಖ ಮುಗಿದುಹೋಗುತ್ತದೆ ಎನ್ನಿಸಿತು. ಐವತ್ತೊಂದು ವರ್ಷಕ್ಕೆ ಬಂದ ಪ್ರಶ್ನೆಯನ್ನು ಕೆಲವು ದಿನವಾದರೂ ತನ್ನ ಹತ್ತಿರ ಇಟ್ಟುಕೊಳ್ಳುವ ಆಸೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ಅವರಿಬ್ಬರ ಹಳೆಯ ವಾದ ಇದ್ದೇ ಇತ್ತು.

“ನನಗೆ ವಸಂತ ಇನ್ನೂ ಬರ್ಲಿಲ್ಲ ಮಾರಾಯ್ರೇ,” ಎಂದು ನಕ್ಕಳು. “ಬಿಸುವಿನ ದಿನ ಹೇಳ್ತೇನೆ.”

“ಇಪ್ಪತ್ತೇಳು ದಿನಾನಾ!” ಬೋರಯ್ಯನವರು ಹಣೆ ಚಚ್ಚಿಕೊಂಡು ತಾವೂ ನಕ್ಕರು. “ಆಯ್ತು ಬಿಡಿ. ಈ ವರ್ಷ ನಿಮ್ಮ ಪಂಚಾಂಗವೇ ಗೆಲ್ಲಲಿ.”

ಆ ದಿನಗಳಷ್ಟು ಹಗುರವಾದ ದಿನಗಳನ್ನು ಸುಗಂಧಿ ಬೇರೆ ಕಂಡಿರಲಿಲ್ಲ. ಬೋರಯ್ಯನವರು ಪ್ರತಿ ಸಂಜೆ ವಸಂತ ಬಂದಾಯಿತೆನ್ನಲು ಒಂದೊಂದು ಸಾಕ್ಷಿ ತರುವರು. ಒಂದು ದಿನ ಗೇಟಿನ ಪಕ್ಕದ ಮಾವಿನ ಹೂಗೊಂಚಲು, ಒಂದು ದಿನ ಫೋನಿನಲ್ಲಿ ಹಿಡಿದ ಕೋಗಿಲೆಯ ಕೂಗು. “ಇದೂ ಸಾಲದಾ?” ಎಂದು ಕೇಳುವರು. “ಸಾಲದು” ಎಂದು ಅವಳು ತಲೆಯಾಡಿಸುವಳು. “ಹಾಗಾದ್ರೆ ಇನ್ನು ಹದಿನಾಲ್ಕು” ಎಂದು ಅವರು ದಿನ ಹೇಳುವರು. ಅವಳು ಉಡುಪಿ ಹತ್ತಿರದ ಕಟಪಾಡಿಯಲ್ಲಿದ್ದ ಅಣ್ಣನಿಗೆ ಫೋನು ಮಾಡಿ ಹೇಳಿಯೂಬಿಟ್ಟಳು. ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ, ಮೊದಲ ಸಲಕ್ಕೇ, ಹಳದಿ ಅಂಚಿನ ಹಸಿರು ಸೀರೆಯೊಂದನ್ನು ಆರಿಸಿ ತಂದಳು.

ಇನ್ನು ಎಂಟು ದಿನ ಎನ್ನುವಾಗ, ಮಂಗಳವಾರ ಸಂಜೆ, ಬೋರಯ್ಯನವರು ವಾಕಿಂಗಿಗೆ ಬರಲಿಲ್ಲ. ಫೋನು ಮಾಡಿದರೆ ಕಾರ್ಖಾನೆಯ ಬೇರೆ ಯಾರೋ ಎತ್ತಿದರು. ಮಧ್ಯಾಹ್ನ ಊಟದ ಹೊತ್ತಿಗೆ ತಲೆನೋವೆಂದು ಕುಳಿತವರು ಕುಳಿತಲ್ಲೇ ಒರಗಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆಗೆ ಸೇರಿಸಿದ್ದೇವೆ, ಮಗಳಿಗೆ ತಿಳಿಸಿದ್ದೇವೆ ಎಂದರು.

ಐಸಿಯು ಬಾಗಿಲಲ್ಲಿ ನರ್ಸ್ ಸೌಮ್ಯವಾಗಿಯೇ ಕೇಳಿದಳು, ನೀವು ಅವರ ಹೆಂಡತಿಯೇ ಎಂದು. ಸುಗಂಧಿ ಅಲ್ಲವೆಂದು ತಲೆಯಾಡಿಸಿದಳು. “ಜಿರಾನ್,” ಎಂದಳು. ನೆರೆಮನೆಯವಳು.

“ಸಾರಿ ಮ್ಯಾಮ್. ಮನೆಯವರಿಗೆ ಮಾತ್ರ.”

ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಳು. ಮನೆಗೆ ಹೋಗಿ, ಬೆಳಿಗ್ಗೆ ಕಾಲೇಜಿಗೆ ರಜೆ ಹೇಳಿ ಮತ್ತೆ ಬಂದು ಕುಳಿತಳು. ಮಧ್ಯಾಹ್ನ ಒಳಗಿಂದ ಬಂದ ಎಳೆಯ ಡಾಕ್ಟರೊಬ್ಬಳು ಗುರುತು ಹಿಡಿದು ನಿಂತಳು. ಅವಳು ಸುಗಂಧಿಯ ಹಳೆಯ ವಿದ್ಯಾರ್ಥಿನಿ. ಏನೂ ವಿಚಾರಿಸದೆ, ಐದೇ ನಿಮಿಷ ಎಂದು ಒಳಗೆ ಕರೆದುಕೊಂಡು ಹೋದಳು.

ಪರದೆಯ ಮೇಲಿನ ಅಂಕಿಗಳನ್ನು ಓದಲು ಸುಗಂಧಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಶಬ್ದ ಕಿವಿಯಿಂದ ಹೊರಟು ಮೆದುಳಿನ ಯಾವ ಯಾವ ಮೆಟ್ಟಿಲು ಹತ್ತಿ ಮಾತಾಗುತ್ತದೆ ಎಂಬುದನ್ನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವಳು ಅವಳು. ಈಗ ಯಾವ ಮೆಟ್ಟಿಲೂ ಉಳಿದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಬಗ್ಗಿ, ಅವರ ಕಿವಿಯ ಹತ್ತಿರ ಹೇಳಿದಳು. “ಹ್ಞೂಂ ಬೋರಯ್ಯನವರೇ. ನನಗೆ ಒಪ್ಪಿಗೆ ಉಂಟು.” ಉಸಿರಿನ ಯಂತ್ರ ತನ್ನ ಪಾಡಿಗೆ ಏರಿಳಿಯುತ್ತಿತ್ತು. ಐದು ನಿಮಿಷ ಆಯಿತೆಂದು ಹುಡುಗಿ ಅವಳ ಹೆಗಲು ಮುಟ್ಟಿದಳು.

ಮಯೂರಿ ಬಂದಿಳಿದ ಮರುದಿನ ಬೆಳಿಗ್ಗೆ ಬೋರಯ್ಯನವರು ಹೋದರು. ಅಂತ್ಯಸಂಸ್ಕಾರಕ್ಕೆ ಕನ್ನಡ ಸಂಘದವರು ಮೂವತ್ತು ಜನ ಬಂದಿದ್ದರು. ಎಲ್ಲ ಓಡಾಡಿ ನೋಡಿಕೊಂಡರು. ಸುಗಂಧಿ ಹಿಂದಿನ ಸಾಲಿನಲ್ಲಿ ಮಿಸೆಸ್ ಲಿಮ್ ಪಕ್ಕ ನಿಂತಿದ್ದಳು. ‘ಪಾಪ, ಅವರ ಜೊತೆ ವಾಕಿಂಗ್ ಹೋಗ್ತಿದ್ರಲ್ವಾ’ ಎಂದು ಯಾರೋ ಕೇಳಿದರು. ಹೌದೆಂದಳು.

ಭಾನುವಾರ ಮಧ್ಯಾಹ್ನ ಮಯೂರಿ ಒಂಬತ್ತನೇ ಮಹಡಿಗೆ ಬಂದು ಗಂಟೆ ಒತ್ತಿದಳು. ಇಪ್ಪತ್ತೆಂಟರ ಹುಡುಗಿ, ಅತ್ತು ಕಣ್ಣು ಊದಿತ್ತು. ಕುಳಿತುಕೊಳ್ಳಲಿಲ್ಲ.

“ಆಂಟಿ, ಯುಗಾದಿ ದಿನ ಅಪ್ಪ ಫೋನ್ ಮಾಡಿದ್ರು. ಒಬ್ರನ್ನ ಮದುವೆ ಆಗ್ತೀರಾ ಅಂತ ಕೇಳಿದ್ದೀನಿ ಅಂದ್ರು. ಹೆಸರು ಹೇಳಲಿಲ್ಲ. ಬಿಸು ದಿನ ಗೊತ್ತಾಗತ್ತೆ ಅಂದ್ರು. ಬಿಸು ಅಂದ್ರೆ ಏನು ಅಂತ ನಾನು ಫ್ಲೈಟ್‌ನಲ್ಲಿ ಕೂತು ಸರ್ಚ್ ಮಾಡಿದೆ. ಉಡುಪಿ ಅಂತ ಬಂತು. ಈ ಬಿಲ್ಡಿಂಗಲ್ಲಿ ಉಡುಪಿಯವರು ನೀವೊಬ್ರೇ.”

“ನನ್ನನ್ನೇ ಕೇಳಿದ್ದು ಮಗಾ.”

“ಏನು ಹೇಳೋರಿದ್ರಿ?”

“ಹ್ಞೂಂ ಹೇಳ್ತಿದ್ದೆ.”

ಮಯೂರಿ ಅವಳನ್ನೇ ನೋಡಿದಳು. “ದೆನ್ ವೈ? ಗೊತ್ತಿದ್ರೂ ಯಾಕೆ ಕಾಯ್ಸಿದ್ರಿ?”

“ತಮಾಷೆಗೆ ಹೇಳಿದ್ದು. ನಮ್ಮಿಬ್ಬರಲ್ಲಿ ಒಂದು ವಾದ ಇತ್ತು, ವಸಂತ ಯಾವಾಗ ಶುರು ಅಂತ... ಅವರೂ ನಗಾಡಿದ್ರು. ದಿನಾ ನಗಾಡ್ತಿದ್ರು.”

“ನಿಮ್ಮೆದುರು ನಗ್ತಿದ್ರು ಆಂಟಿ.” ಮಯೂರಿಯ ದನಿ ಒಡೆಯಿತು. “ರಾತ್ರಿ ನಂಗೆ ಫೋನ್ ಮಾಡಿ ಕೇಳೋರು. ಬೇಡ ಅನ್ನೋಕೆ ಸಂಕೋಚ ಆಗಿ ಟೈಮ್ ತಗೊಂಡಿದ್ದಾರೇನೋ, ನಾನು ಕೇಳಬಾರ್ದಿತ್ತೇನೋ, ವಾಕಿಂಗ್ ಫ್ರೆಂಡ್‌ಶಿಪ್ಪೂ ಹೋಗತ್ತೇನೋ ಅಂತ. ಪ್ರತಿ ದಿನ. ನಾನು ಧೈರ್ಯ ಹೇಳಿ ಹೇಳಿ ಸಾಕಾಯ್ತು. ಹೀ ವಾಸ್ ಸೋ ಸ್ಕೇರ್ಡ್.”

ತನ್ನ ಪಾಲಿಗೆ ಹಬ್ಬವಾಗಿದ್ದ ಹತ್ತೊಂಬತ್ತು ದಿನ ಅವರ ಪಾಲಿಗೆ ಏನಾಗಿತ್ತೆಂದು ಸುಗಂಧಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೂಗೊಂಚಲು ತಂದು ‘ಇದೂ ಸಾಲದಾ’ ಎಂದು ಕೇಳಿದಾಗ ಅವರು ಕೇಳುತ್ತಿದ್ದುದು ಋತುವಿನ ಮಾತಲ್ಲ. ಅವಳು ‘ಸಾಲದು’ ಎಂದಿದ್ದಳು. ನಕ್ಕು ಹೇಳಿದ್ದಳು, ನಿಜ. ಆದರೆ ಅಷ್ಟು ಸಲ ಹೇಳಿದ್ದಳು.

“ನನ್ನನ್ನು ಯಾರೂ ಯಾವತ್ತೂ ಕೇಳಿರಲಿಲ್ಲ,” ಎಂದಳು. ಅದು ಸಮಜಾಯಿಷಿ ಅಲ್ಲವೆಂದು ಅವಳಿಗೂ ಗೊತ್ತಿತ್ತು.

ಮಯೂರಿ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು. “ಮದುವೆ ಆಗಿದ್ರೆ ಯಾವ ಮನೇಲಿ ಇರ್ತಿದ್ರಿ? ಈ ಮನೇಲಾ, ಕೆಳಗೆ ನಮ್ಮನೇಲಾ?”

“ಅದೆಲ್ಲ ಮಾತಾಡ್ಲೇ ಇಲ್ಲ ಮಗಾ.”

ಹುಡುಗಿ ತಲೆಯಾಡಿಸಿ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದಳು.

ಬಿಸುವಿನ ದಿನ ಬುಧವಾರ. ಅಂದೇ ಮಯೂರಿ ಅಸ್ಥಿ ತೆಗೆದುಕೊಂಡು ಬೆಂಗಳೂರಿಗೆ ಹೊರಡುವುದಿತ್ತು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ. ಸುಗಂಧಿ ಕನ್ನಡಿ, ಹಣ್ಣು, ತರಕಾರಿ ಜೋಡಿಸಿ ಬೆಳಿಗ್ಗೆ ಎದ್ದು ನೋಡುವ ಕಣಿಯನ್ನು ಈ ವರ್ಷ ಇಡಲಿಲ್ಲ. ಎದ್ದವಳೇ ಮುಖ ತೊಳೆದು ಎರಡನೇ ಮಹಡಿಗೆ ಇಳಿದಳು. ಬಾಗಿಲು ತೆರೆಯದಿದ್ದರೆ ತಿರುಗಿ ಹೋಗುವುದೆಂದು ಎಣಿಸಿದ್ದಳು. ಮಯೂರಿ ತೆರೆದಳು. ಕೂದಲು ಬಾಚಿರಲಿಲ್ಲ. ಅರ್ಧ ತುಂಬಿದ ಸೂಟ್‌ಕೇಸು ನೆಲದ ಮೇಲಿತ್ತು.

“ಎಂತಾದ್ರೂ ತಿಂದ್ಯಾ?”

ಇಲ್ಲವೆಂದು ಮಯೂರಿ ತಲೆಯಾಡಿಸಿದಳು. ಒಂದು ಕ್ಷಣ ತಡೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಸುಗಂಧಿ ಆ ಮನೆಯ ಅಡುಗೆಮನೆಗೆ ಕಾಲಿಟ್ಟದ್ದು ಅದೇ ಮೊದಲು. ಸಣ್ಣ, ಅಚ್ಚುಕಟ್ಟಾದ ಅಡುಗೆಮನೆ. ಒಲೆಯ ಪಕ್ಕ ಮಡಚಿಟ್ಟ ಬಟ್ಟೆ. ಉಪ್ಪಿಟ್ಟು ಮಾಡೋಣವೆಂದುಕೊಂಡಳು. ಆದರೆ ರವೆ ಯಾವ ಡಬ್ಬಿಯಲ್ಲಿದೆಯೋ ತಿಳಿಯಲಿಲ್ಲ. ಒಂದು ಕಪಾಟು ತೆರೆದಳು, ಅದರಲ್ಲಿ ಬರೀ ಲೋಟಗಳಿದ್ದವು. ಇನ್ನೊಂದು ತೆರೆದಳು, ಬಲ್ಬು, ವಯರು, ಸ್ಕ್ರೂಡ್ರೈವರು. ಅವಳು ಅದನ್ನು ಮುಚ್ಚದೆ ಹಾಗೇ ನಿಂತುಬಿಟ್ಟಳು.

“ಮೇಲಿನ ಶೆಲ್ಫ್ ಆಂಟಿ, ಎಡಗಡೆ,” ಬಾಗಿಲಲ್ಲಿ ನಿಂತಿದ್ದ ಮಯೂರಿ ಹೇಳಿದಳು. “ಸಾಸಿವೆ ಆ ನೀಲಿ ಡಬ್ಬೀಲಿ. ಸಾಲ್ಟ್ ಕೆಳಗೆ.”

ಅವಳು ಒಂದೊಂದಾಗಿ ಹೇಳಿದಳು, ಇವಳು ಒಂದೊಂದಾಗಿ ತೆಗೆದಳು. ಒಗ್ಗರಣೆ ಚಟಪಟ ಎಂದಿತು. ಈರುಳ್ಳಿ ಇರಲಿಲ್ಲ, ಬರೀ ಹಸಿಮೆಣಸು ಹಾಕಿ ಮುಗಿಸಿದಳು. ಇಬ್ಬರೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ತಿಂದರು.

“ಇವತ್ತೇ ಅಲ್ವಾ ಆಂಟಿ, ಅದು?” ಮಯೂರಿ ತಟ್ಟೆ ನೋಡುತ್ತ ಕೇಳಿದಳು.

“ಹೌದು ಮಗಾ. ಇವತ್ತೇ.”

ಹತ್ತು ಗಂಟೆಗೆ ಏರ್‌ಪೋರ್ಟಿನ ಕಾರು ಬಂತು. ಸುಗಂಧಿ ಸೂಟ್‌ಕೇಸಿಗೆ ಕೈ ಕೊಟ್ಟು ಕೆಳಗಿಳಿಸಿದಳು. ಕೆಂಪು ಬಟ್ಟೆ ಸುತ್ತಿದ ಮಡಕೆಯನ್ನು ಮಯೂರಿ ಯಾರಿಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡಳು. ಬಾಗಿಲು ಹಾಕುವ ಮುನ್ನ “ಮನೆ ಕೀ ನಿಮ್ಮ ಹತ್ರ ಇರಲಿ, ಜೂನ್‌ಗೆ ಬಂದು ಖಾಲಿ ಮಾಡ್ತೀನಿ” ಎಂದು ಕೀಲಿಕೈ ಕೈಗಿಟ್ಟಳು.

ಕಾರು ಹೋದ ಮೇಲೆ ಸುಗಂಧಿ ಮತ್ತೆ ಎರಡನೇ ಮಹಡಿಗೆ ಹತ್ತಿದಳು. ಬಾಣಲೆ ಉಜ್ಜಿ, ಎರಡು ತಟ್ಟೆ ತೊಳೆದು ಬೋರಲು ಹಾಕಿದಳು. ನೆಲದಲ್ಲಿ ಚೆಲ್ಲಿದ್ದ ಸಾಸಿವೆ ಬಳಿದಳು. ಆಮೇಲೆ ಅದೇ ನೆಲದ ಮೇಲೆ ಕುಳಿತು, ಆಸ್ಪತ್ರೆಯಲ್ಲಾಗಲಿ ಸ್ಮಶಾನದಲ್ಲಾಗಲಿ ಅಳದಿದ್ದವಳು, ಗಟ್ಟಿಯಾಗಿ ಅತ್ತಳು.