ಕೊಳೆಯದ ಬರ್ಗರ್, ನನ್ನ ಹೆಬ್ಬೆರಳು

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅದು ನನ್ನ ತಪ್ಪಿಗೆ ನೆಪವಲ್ಲ. ಈಗ ಹೇಳುವ ವಿಷಯ ತಿಳಿಯಲು ಓದು ಬೇಕಿರಲಿಲ್ಲ. ಅದನ್ನು ನಾನು ಹಲ್ಲು ಬಂದಾಗಿನಿಂದ ತಿನ್ನುತ್ತ ಬಂದಿದ್ದೆ. ಅದಕ್ಕೇ ನನ್ನ ಮೇಲೆ ನನಗೆ ಇಷ್ಟು ಸಿಟ್ಟು.

ನಮ್ಮದು ಕುರಿ ಕಾಯುವ ಮನೆತನ. ನಾನು ಕುರಿ ಬಿಟ್ಟು ಇಚಲಕರಂಜಿ ಪಕ್ಕದ ಕಬನೂರಿಗೆ ಬಂದು ಪವರ್‌ಲೂಮ್ ನಡೆಸುತ್ತೇನೆ. ತಂಗಿ ಗಂಡನ ಮನೆ ಬಿಟ್ಟು ಬಂದಮೇಲೆ ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಹತ್ತಿರ ಬರ್ಗರ್ ಗಾಡಿ ಹಾಕಿದಳು. ಯಾರ ಮುಂದೆಯೂ ಕೈಚಾಚದೆ ಅವಳು ಕಟ್ಟಿಕೊಂಡದ್ದು ಅದೊಂದೇ.

ಹೋದ ವರ್ಷ ಬೇಸಿಗೆಯಲ್ಲಿ ನಾನು ಊರಿಂದ ಕೆಲಸಕ್ಕೆ ಹೊರಟಾಗ ಅವಳು ಒಂದು ಚಿಕನ್ ಬರ್ಗರ್ ಕಟ್ಟತೊಡಗಿದಳು.

"ಸಾಸ್ ಬ್ಯಾಡ, ಉಳ್ಳಾಗಡ್ಡಿನೂ ಬ್ಯಾಡ. ಚೀಲದಾಗ ಸೋರತೈತಿ," ಎಂದೆ.

"ಮತ್ತ ಬರೇ ಪಾವ್ ತಿಂತಿ ಏನ್? ಕುರಿನೂ ನಿನಕಿಂತ ರುಚಿ ನೋಡಿ ತಿಂತಾವು," ಎಂದು ನಕ್ಕಳು.

ಶೆಡ್ಡಿಗೆ ಬಂದು, ಸುತ್ತಿದ ಕಾಗದ ಬಿಚ್ಚಿ, ಮಗ್ಗದ ಮೇಲಿನ ಹಲಗೆಯ ಮೇಲೆ ಇಟ್ಟೆ. ಅಷ್ಟರಲ್ಲಿ ಎಳೆ ಹರಿಯಿತು. ಕಟ್ಟಲು ಹೋದವನು ಬರ್ಗರನ್ನು ಮರೆತೇಬಿಟ್ಟೆ. ಹಲಗೆ ಕಾದ ತಗಡಿನ ಕೆಳಗೇ ಇತ್ತು. ಪಕ್ಕದ ಕಿಟಕಿಯಿಂದ ದಿನವಿಡೀ ಬಿಸಿ ಗಾಳಿ ಬರುತ್ತಿತ್ತು.

ಮೂರು ವಾರದ ಮೇಲೆ ನಟ್ಟು ಬಿಗಿಯುವ ಪಾನಾ ಹುಡುಕುವಾಗ ಅದು ಕೈಗೆ ತಾಗಿತು. ಬೂಷ್ಟಿಲ್ಲ, ನಾತವಿಲ್ಲ. ಪಾವು ಕಟ್ಟಿಗೆಯಂತೆ ಬಿರುಸಾಗಿತ್ತು. ಒಳಗಿನ ಟಿಕ್ಕಿ ಹಳೇ ಚಪ್ಪಲಿಯ ತುಂಡಿನ ಹಾಗೆ ಮುದುಡಿತ್ತು.

"ಏ, ಇದಕ್ಕ ಸಾವೇ ಇಲ್ಲಲೇ," ಎಂದ ಪಕ್ಕದ ಮಗ್ಗದವನು. "ನಿಮ್ಮ ತಂಗಿ ಹೆಣಕ್ಕ ಹಾಕೋ ಔಷಧ ಹಾಕತಾಳೇನ?"

ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. ಫೋನ್ ತೆಗೆದು ವಿಡಿಯೊ ಮಾಡಿದೆ. ಅದರಲ್ಲಿ ನನ್ನ ಮುಖವಿಲ್ಲ, ಕೈ ಮತ್ತು ದನಿ ಮಾತ್ರ. ಬರ್ಗರನ್ನು ಮಗ್ಗದ ಕಬ್ಬಿಣಕ್ಕೆ ಟಕಟಕ ಬಡಿದು ಹೇಳಿದೆ: "ನೋಡ್ರಿ, ಇಪ್ಪತ್ತ ದಿನಾ ಆತು, ಕೊಳತಿಲ್ಲ. ಗಡಹಿಂಗ್ಲಜ ಬಸ್ ಸ್ಟ್ಯಾಂಡಿನ ಗಾಡೀದು. ಇದರಾಗ ಏನ್ ಕೆಮಿಕಲ್ ಐತ್ಯೋ ದೇವರಿಗೇ ಗೊತ್ತು. ಮಕ್ಕಳಿಗೆ ತಿನಸಬ್ಯಾಡ್ರಿ." ನಮ್ಮ ಮಂದಿಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು.

ತಂಗಿಯ ಗಾಡಿಯಾದರೂ ಮುಚ್ಚಿಡದೆ ಸತ್ಯ ಹೇಳಿದೆ ಎಂದು ಆಗ ಬೀಗಿದ್ದೆ. ಅದೂ ಸುಳ್ಳು. ಅವಳು ಬಸ್ ಸ್ಟ್ಯಾಂಡಿನ ಗಂಡಸರ ನಡುವೆ ನಿಂತು ಮಾರುವುದು ನನಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಹಾಗೆಂದು ಅವಳ ಎದುರಿಗೆ ಹೇಳುವ ಧೈರ್ಯವಿರಲಿಲ್ಲ.

ಹತ್ತು ದಿನದ ಮೇಲೆ ಅವಳ ಫೋನ್ ಬಂತು.

"ಅಣ್ಣಾ, ಗಿರಾಕಿ ಬರೂದು ನಿಂತೈತಿ. ಒಂದ ವಿಡಿಯೊ ತಿರಗಾಡಾಕತ್ತೈತಿ. ಆ ಕೈ ನಿಂದಲ್ಲೇನ? ಹೆಬ್ಬೆರಳಿನ ಕಲೆ ನೋಡಿದೆ." ಮಗ್ಗದ ಸದ್ದಿನಲ್ಲಿ ಕೇಳಿಸುತ್ತಿಲ್ಲ ಎಂದೆ. "ಐತವಾರ ಬಾ," ಎಂದಳು.

ಹೋದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಮುಂದೆ ಒಂದು ಸ್ಟೀಲ್ ಡಬ್ಬಿ, ಕಾಳು ಕೇರುವ ಒಂದು ಮರ ಇಟ್ಟಳು. ವಿಡಿಯೊ ನೋಡಿದ ದಿನವೇ ನನಗೆ ಕಟ್ಟಿಕೊಟ್ಟಂಥದೇ ಎರಡು ಬರ್ಗರ್ ಮಾಡಿ, ಒಂದನ್ನು ಡಬ್ಬಿಯಲ್ಲಿ ಮುಚ್ಚಿ, ಇನ್ನೊಂದನ್ನು ಮರದಲ್ಲಿ ಹಾಕಿ ಮಾಳಿಗೆಯ ಬಿಸಿಲಿಗೆ ಇಟ್ಟಿದ್ದಳಂತೆ. ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ನೀರಾಡಿತ್ತು, ಹಸಿರು ಬೂಷ್ಟು ಕಟ್ಟಿತ್ತು. ನಾತಕ್ಕೆ ಮುಖ ತಿರುಗಿಸಿದೆ. ಮರದಲ್ಲಿದ್ದದ್ದು ಮಾತ್ರ ಒಣಗಿ ಕಲ್ಲಾಗಿತ್ತು.

"ಒಂದೇ ಪಾವು, ಒಂದೇ ಟಿಕ್ಕಿ. ಔಷಧ ಹಾಕಿದ್ರ ಎರಡೂ ಕೊಳೀಬಾರದಿತ್ತಲಾ? ಬೂಷ್ಟಿಗೆ ಹಸಿ ಬೇಕು. ಟಿಕ್ಕಿ ತೆಳ್ಳಗೈತಿ, ಉಪ್ಪೈತಿ, ತವಾದ ಮ್ಯಾಲೆ ಅರ್ಧಾ ನೀರು ಹೋಗಿರತೈತಿ. ಉಳದದ್ದು ಗಾಳಿ ಕುಡೀತು. ಬೂಷ್ಟು ಹತ್ತೂಕಿಂತ ಮೊದಲ ಒಣಗಿತು. ಸಾಸು, ಉಳ್ಳಾಗಡ್ಡಿ ಬ್ಯಾಡ ಅಂದಾವ ನೀನ." ಡಬ್ಬಿ ಮುಚ್ಚಿ ಕೇಳಿದಳು: "ಅಪ್ಪ ಕುರಿ ಹೊಡಕೊಂಡ ಹೊಂಟಾಗ ಅವ್ವ ರೊಟ್ಟಿ ಒಣಗಿಸಿ ಕಟ್ಟತಿದ್ದಳು. ಖಂಡಕ್ಕ ಉಪ್ಪ ಹಚ್ಚಿ ಹಗ್ಗಕ್ಕ ಹಾಕತಿದ್ದಳು. ಅವಕ್ಕ ಯಾವ ಕೆಮಿಕಲ್ ಹಾಕಿದ್ದಳು, ಹೇಳು."

ಆ ಹಗ್ಗದ ಕೆಳಗೆ ಕೂತು ಕಾಗೆ ಓಡಿಸುವ ಕೆಲಸ ನನ್ನದಾಗಿತ್ತು. ನನ್ನ ಹೆಬ್ಬೆರಳಿಗೆ ಕಲೆಯಾದದ್ದೂ ಆ ಖಂಡ ಕೊಯ್ಯುವಾಗಲೇ.

"ಇನ್ನೊಂದ ವಿಡಿಯೊ ಮಾಡ್ತೇನಿ," ಎಂದೆ.

"ಅದನ್ನ ಯಾರೂ ಮುಂದ ಕಳಸೂದಿಲ್ಲ. ಸಂಜೀಕ ಗಾಡಿ ಮುಂದ ನಿಂತು ನಿನ್ನ ಬಾಯಿಂದ ಹೇಳು. ಇಲ್ಲೇ ಒಬ್ಬರು ಇನ್ನೊಬ್ಬರಿಗೆ ಹೇಳತಾರ. ನನಗ ಅಷ್ಟ ಸಾಕು."

ಒಪ್ಪಿಕೊಂಡೆ. ಸಂಜೆ ಗಾಡಿಯ ಮುಂದೆ ನಿಂತೆ. ಬಸ್ಸಿಳಿದ ಒಬ್ಬಾತ ಮಗಳ ಕೈ ಹಿಡಿದು ಬಂದ. ಹುಡುಗಿ ಗಾಡಿಯ ಕಡೆ ಎಳೆದಳು. ಅವನು ಅವಳನ್ನು ಹಿಂದಕ್ಕೆಳೆದು, ನನ್ನನ್ನು ಗಿರಾಕಿ ಎಂದುಕೊಂಡು ಹತ್ತಿರ ಬಂದ.

"ಪಾವ್ಣ್ಯಾರ, ಇಲ್ಲಿ ತಿನಬ್ಯಾಡ್ರಿ. ಇದನ್ನ ನೋಡ್ರಿ ಮೊದಲ."

ಅವನ ಫೋನಿನಿಂದ ನನ್ನ ದನಿ ಬಂತು. ಟಕಟಕ ಸದ್ದಿಗೆ ಇನ್ನೂ ಮೂರು ನಾಲ್ಕು ಮಂದಿ ಕತ್ತು ಚಾಚಿದರು. ತಂಗಿ ಗ್ಯಾಸ್ ಸಣ್ಣ ಮಾಡಿ ನನ್ನನ್ನೇ ನೋಡಿದಳು. ಆ ಕೈ ನನ್ನದು, ತಪ್ಪು ನನ್ನದು. ಎರಡೇ ಮಾತು ಹೇಳಬೇಕಿತ್ತು. ಅಷ್ಟು ಜನರ ಮುಂದೆ ದಡ್ಡನಾಗಲು ಮನಸ್ಸು ಬರಲಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ.

"ಹೌದೇನ್ರಿ?" ಎಂದೆ, ಮೊದಲ ಸಲ ಕೇಳಿದವನ ಹಾಗೆ.

ತಂಗಿ ಗ್ಯಾಸ್ ಆರಿಸಿದಳು. "ನಿಮ್ಮ ಬಸ್ಸ ಬಂದೈತಿ, ಹೋಗ್ರಿ," ಎಂದಳು, ಗುರುತಿಲ್ಲದವನಿಗೆ ಹೇಳುವಂತೆ. ನಾನು ಹೋಗಿ ಬಸ್ ಹತ್ತಿದೆ. ಹತ್ತಿದ್ದನ್ನು ನೆನೆದರೆ ಈಗಲೂ ನನ್ನ ಕಾಲಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮಳೆಗಾಲ ಮುಗಿಯುವ ಮೊದಲೇ ಗಾಡಿ ಬೇರೆಯವರ ಪಾಲಾಯಿತು. ತಂಗಿ ಈಗ ಕೊಲ್ಹಾಪುರದಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವವರಲ್ಲಿ ಕೂಲಿಗೆ ರೊಟ್ಟಿ ಬಡಿಯುತ್ತಾಳೆ. ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ ಎಂದು ಹೊಗಳಿ ಹೊಗಳಿ ಜನ ಒಯ್ಯುತ್ತಾರೆ. ಅದರ ವಿಡಿಯೊ ಯಾವ ಮಗನೂ ಮಾಡುವುದಿಲ್ಲ.

ಹೋದ ವಾರ ಶೆಡ್ಡಿನಲ್ಲಿ ಹೊಸದಾಗಿ ಸೇರಿದವನೊಬ್ಬ ನನಗೇ ಆ ವಿಡಿಯೊ ತೋರಿಸಿದ. ಈ ಸಲ ಮಗ್ಗ ನಿಲ್ಲಿಸಿ, ಹೆಬ್ಬೆರಳನ್ನು ಅವನ ಫೋನಿನ ಪಕ್ಕಕ್ಕೆ ಹಿಡಿದೆ. "ಈ ಕೈ ನಂದು. ಹೇಳಿದ್ದು ಸುಳ್ಳು," ಎಂದೆ. ಡಬ್ಬಿಯ ಮಾತು, ಮರದ ಮಾತು ಎಲ್ಲ ಹೇಳಿದೆ.

"ಹಂಗಾರ ಗಡಹಿಂಗ್ಲಜಕ್ಕ ಹ್ವಾದಾಗ ತಿನಬೇಕಾತು," ಎಂದ ಅವನು. "ಗಾಡಿ ಎಲ್ಲಿ ನಿಲ್ಲತೈತ್ರಿ?"

"ಆ ಗಾಡಿ ಈಗ ನಿಲ್ಲೂದಿಲ್ಲ," ಎಂದು ಹೇಳಿ ಮಗ್ಗ ಚಾಲೂ ಮಾಡಿದೆ.